ಟರ್ಬೊ ಕಾರಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಪದೇ ಪದೇ ಸಾಯ್ತಿದೆ: ಬಂಗ್ ಎಲ್ಲಿ ಕೂರಿಸಬೇಕು, ಇಜಿಟಿ ಎಲ್ಲಿ?

ನಾಲ್ಕು_ಸಿಲಿಂಡರ್

ಎಲ್ಲರಿಗೂ ನಮಸ್ಕಾರ. 1.8 ಲೀಟರ್ ಪೆಟ್ರೋಲ್ ಇಂಜಿನ್‌ಗೆ ಆಮೇಲೆ ಟರ್ಬೊ ಕೂರಿಸಿಕೊಂಡಿದ್ದೇನೆ. ಬೂಸ್ಟ್ (ಟರ್ಬೊ ಇಂಜಿನ್‌ಗೆ ಗಾಳಿ ತಳ್ಳುವ ಒತ್ತಡ) 0.9 ಬಾರ್. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಕೆಳಗೆ ಒಯ್ಯುವ ಪೈಪ್) 63 ಮಿ.ಮೀ. ವ್ಯಾಸದ್ದು, ಹೊರಗೆ ಕೊಟ್ಟು ಮಾಡಿಸಿದ್ದು. ಟ್ಯೂನಿಂಗ್‌ಗೆ ಬೇಕೇ ಬೇಕು ಅಂತ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳೋದು) ಹಾಕಿದೆ. ಮೊದಲನೇದು ನಾಲ್ಕು ತಿಂಗಳು ಬಂತು. ಎರಡನೇದು ಬರೀ ಆರು ವಾರ. ಒಂದು ದಿನ ಮೀಟರ್‌ನಲ್ಲಿ ಹೀಟರ್ ಎರರ್ ಬರುತ್ತೆ, ಮಾರನೇ ದಿನ ಅಂಕಿ ಒಂದೇ ಕಡೆ ನಿಂತುಬಿಡುತ್ತೆ.

ಬಂಗ್ (ಸೆನ್ಸರ್ ತಿರುಗಿಸಿ ಕೂರಿಸೋಕೆ ಪೈಪಿಗೆ ಬೆಸೆದ ಥ್ರೆಡ್ ಇರುವ ಉಂಗುರ) ಇರೋದು ಟರ್ಬೈನ್ (ಟರ್ಬೊದಲ್ಲಿ ಹೊಗೆಯಿಂದ ತಿರುಗುವ ಭಾಗ) ಬಾಯಿಯಿಂದ ಸುಮಾರು 15 ಸೆಂ.ಮೀ. ಕೆಳಗೆ, ಡೌನ್‌ಪೈಪಿನ ತಳಭಾಗದಲ್ಲಿ. ಅಲ್ಲಿ ಕೈ ಹೋಗುತ್ತೆ, ಜಾಗ ಇದೆ, ಅದಕ್ಕೇ ಅಲ್ಲಿ ಹಾಕಿಸಿದ್ದು. ಈಗ ಮೂರನೇ ಸೆನ್ಸರ್ ತರೋ ಮೊದಲು ಸರಿಯಾಗಿ ತಿಳ್ಕೊಂಡು ಮಾಡೋಣ ಅಂತ.

ಜೊತೆಗೆ ಇಜಿಟಿ (ಹೊಗೆಯ ಕಾವು) ಅಳೆಯುವ ಪ್ರೋಬ್ ಕೂಡ ಹಾಕಬೇಕು. ಟರ್ಬೊ ಮುಂಚೆಯೋ, ನಂತರವೋ? ಕೇಳಿದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಡೌನ್‌ಪೈಪ್ ಹೇಗೂ ಬಿಚ್ಚುತ್ತೇನೆ, ಎಲ್ಲ ತೂತುಗಳನ್ನೂ ಒಂದೇ ಸಲ ಹಾಕಿಸಿಬಿಡ್ತೀನಿ.

ಹಳೇಪಾನಾ

ಮೊದಲು ಮೂರು ಪ್ರಶ್ನೆ. ಪೈಪಿನ ಅಡ್ಡಕೊಯ್ತವನ್ನು ಗಡಿಯಾರ ಅಂದುಕೊಂಡರೆ ಬಂಗ್ ಎಷ್ಟು ಗಂಟೆಯ ಜಾಗದಲ್ಲಿದೆ? ಮೀಟರ್‌ಗೆ ಕರೆಂಟ್ ಬರೋದು ಕೀ ತಿರುಗಿಸಿದ ಕೂಡಲೇನಾ, ಇಂಜಿನ್ ಸ್ಟಾರ್ಟ್ ಆದ ಮೇಲಾ? ಸತ್ತ ಸೆನ್ಸರ್ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಏನಾದರೂ ಸದ್ದು ಬರುತ್ತಾ?

ನಾಲ್ಕು_ಸಿಲಿಂಡರ್

ಹೌದು ಸರ್, ಎರಡನೇದರಲ್ಲಿ ಸಣ್ಣ ಹರಳು ಉರುಳಿದ ಹಾಗೆ ಸದ್ದು ಬರುತ್ತೆ! ಮೊದಲನೇದರಲ್ಲಿ ಇಲ್ಲ, ಆದರೆ ಅದರ ತುದಿ ಪೂರ್ತಿ ಬೂದುಬಿಳಿ, ತಂತಿ ಹೊರಬರೋ ಕಡೆಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಬಂಗ್ ಆರು ಗಂಟೆಯ ಜಾಗ, ಸ್ವಲ್ಪ ಐದರ ಕಡೆಗೆ. ಕರೆಂಟ್ ಕೀ ತಿರುಗಿಸಿದ ಕೂಡಲೇ ಬರುತ್ತೆ. ಇನ್ನೊಂದು: ಬೆಳಿಗ್ಗೆ ಸೆನ್ಸರ್ ಬಿಚ್ಚಿದಾಗ ತುದಿಯಿಂದ ಒಂದು ಹನಿ ನೀರು ನನ್ನ ಅಂಗೈ ಮೇಲೆ ಬಿತ್ತು. ಆಗ ಅದನ್ನ ತಲೆಗೆ ಹಾಕಿಕೊಂಡಿರಲಿಲ್ಲ.

ಹಳೇಪಾನಾ

ಹಾಗಾದರೆ ಉತ್ತರ ನಿಮ್ಮ ಅಂಗೈ ಮೇಲೇ ಬಿದ್ದಿತ್ತು. ಎರಡನೇದನ್ನ ಕೊಂದದ್ದು ನೀರು. ಮೊದಲನೇದನ್ನ ಕೊಂದದ್ದು ಕಾವು. ಎರಡಕ್ಕೂ ಕಾರಣ ಆ ಜಾಗ. ಲ್ಯಾಂಬ್ಡಾ ಅವರು ಇದನ್ನ ನನಗಿಂತ ಚೆನ್ನಾಗಿ ಬಿಡಿಸಿ ಹೇಳ್ತಾರೆ, ಅವರಿಗೆ ಬಿಡ್ತೀನಿ.

ಲ್ಯಾಂಬ್ಡಾ_ಒಂದು

ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ನೀರು. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಉರಿದರೆ ನೀರೇ ಆಗೋದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಸೈಲೆನ್ಸರ್ ಮೂಲಕ ಹೋಗುತ್ತೆ. ಇಂಜಿನ್ ಬಿಸಿ ಇರುವಾಗ ಅದು ಕಣ್ಣಿಗೆ ಬೀಳಲ್ಲ. ತಣ್ಣನೆಯ ಪೈಪಿಗೆ ತಾಗಿದಾಗ ಹನಿಗಟ್ಟಿ ತಳದಲ್ಲಿ ಹರಿಯುತ್ತೆ. ನಿಮ್ಮ ಸೆನ್ಸರ್ ತಲೆ ಮೇಲೆ ಮಾಡಿಕೊಂಡು ಆ ತಳದಲ್ಲೇ ಕೂತಿದೆ. ತುದಿಯ ತೂತುಗಳಿರುವ ಲೋಹದ ಟೋಪಿ ಆಗ ಒಂದು ಬಟ್ಟಲಾಗಿಬಿಡುತ್ತೆ.

ಬಾಷ್‌ನ ವೈಡ್‌ಬ್ಯಾಂಡ್ ಸೆನ್ಸರ್ ಎಲ್‌ಎಸ್‌ಯು 4.9 ಒಳಗಿನ ಸೆರಾಮಿಕ್ ಪಟ್ಟಿ ಕೆಲಸ ಮಾಡೋದು ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಳೆಯ 4.2 ಆದರೆ 750. ಅಷ್ಟು ಕಾದ ತೆಳು ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೆ ಸಾಕು, ಸೀಳುತ್ತೆ. ನೀವು ಕೀ ತಿರುಗಿಸಿದ ಕೂಡಲೇ ಹೀಟರ್ ಕಾಯೋಕೆ ಶುರು, ಆಮೇಲೆ ಇಂಜಿನ್ ಸ್ಟಾರ್ಟ್ ಆಗಿ ಹಿಂದಿನ ರಾತ್ರಿಯ ನೀರನ್ನೆಲ್ಲ ಎತ್ತಿ ಅದರ ಮೇಲೆ ಎರಚುತ್ತೆ. ನಿಮ್ಮ ಸೆನ್ಸರ್‌ನಲ್ಲಿ ಉರುಳುವ ಹರಳು ಆ ಪಟ್ಟಿಯ ಚೂರು.

ಅದಕ್ಕೇ ಬಾಷ್ ತನ್ನ ಸೂಚನೆಯಲ್ಲಿ ಸೆನ್ಸರ್ ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿರಬೇಕು, ತುದಿ ಕೆಳಮುಖ ಇರಬೇಕು ಅಂತ ಕೇಳೋದು. ಗಡಿಯಾರದ ಲೆಕ್ಕದಲ್ಲಿ 10 ಗಂಟೆಯಿಂದ 2 ಗಂಟೆಯ ನಡುವೆ. ಹೀಟರ್‌ಗೆ ಕರೆಂಟನ್ನ ಇಂಜಿನ್ ಓಡಲು ಶುರುವಾದ ಮೇಲೆ ಮಾತ್ರ ಕೊಡಿ. ಫ್ಯುಯೆಲ್ ಪಂಪ್ ರಿಲೇಯಿಂದ ಸಿಗ್ನಲ್ ತೆಗೆದುಕೊಂಡು ಬೇರೆ ರಿಲೇ ಮೂಲಕ ಕೊಟ್ಟರೆ ಸುಲಭ. ಆದರೆ ಕೀ ತಿರುಗಿಸಿದಾಗ ಪಂಪ್ ಎರಡು ಮೂರು ಸೆಕೆಂಡ್ ಓಡುತ್ತೆ ಅನ್ನೋದು ನೆನಪಿರಲಿ. ನಿಮ್ಮ ಕಂಟ್ರೋಲರ್‌ನಲ್ಲಿ ತಡ ಮಾಡಿ ಬಿಸಿ ಮಾಡುವ ಸೆಟ್ಟಿಂಗ್ ಇದ್ದರೆ ಇನ್ನೂ ಒಳ್ಳೇದು.

ಇದರ ತಿರುವು ಕೂಡ ಅಷ್ಟೇ ಮುಖ್ಯ. ಮೀಟರ್ ರಿಪೇರಿಗೆ ಕೊಟ್ಟು, ಸೆನ್ಸರನ್ನ ಮಾತ್ರ ಪೈಪಲ್ಲೇ ಬಿಟ್ಟು ಗಾಡಿ ಓಡಿಸಬೇಡಿ. ಹೀಟರ್ ಇಲ್ಲದ ಸೆನ್ಸರ್ ಮಸಿ ಹಿಡಿದು ಹಾಳಾಗುತ್ತೆ. ಬಿಚ್ಚಿ, ಪ್ಲಗ್ ಹಾಕಿ.

ಇನ್ನು ಕಾವು. 4.9ಕ್ಕೆ ಹೊಗೆಯ ಕಾವು ನಿರಂತರವಾಗಿ 930 ಡಿಗ್ರಿವರೆಗೆ ನಡೆಯುತ್ತೆ, ಸ್ವಲ್ಪ ಹೊತ್ತಿಗೆ 1030. ಹೊರಗಿನ ಆರು ಮೂಲೆಯ ಭಾಗಕ್ಕೆ 600. ತಂತಿ ಹೊರಬರುವ ತುದಿಗೆ ಬರೀ 250. ನಿಮ್ಮ ಮೊದಲನೇ ಸೆನ್ಸರ್‌ನ ರಬ್ಬರ್ ಬಿರುಕು ಬಿಟ್ಟಿದ್ದು ಈ ಕೊನೆಯ ಅಂಕಿ ದಾಟಿದ್ದಕ್ಕೆ. ಸೆನ್ಸರ್ ಹೊಗೆಯಿಂದ ಸತ್ತಿದ್ದಲ್ಲ, ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೈನ್ ಹೌಸಿಂಗ್‌ನ ಝಳಕ್ಕೆ ಬೆನ್ನಿನಿಂದ ಬೆಂದಿದ್ದು. ತುಂಬಾ ಜನ ಹೊಗೆಯ ಕಾವನ್ನಷ್ಟೇ ಲೆಕ್ಕ ಹಾಕಿ ಈ ಬೆನ್ನನ್ನ ಮರೀತಾರೆ.

ಟರ್ಬೊ ಗಾಡಿಗೆ ನಾನು ಹೇಳೋದು: ಟರ್ಬೈನ್ ಬಾಯಿಯಿಂದ 60ರಿಂದ 90 ಸೆಂ.ಮೀ. ದೂರ, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನ ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು) ಹೊಗೆ ಡೌನ್‌ಪೈಪಿಗೆ ಬಂದು ಸೇರುವ ಜಾಗ ದಾಟಿ, ಎರಡೂ ಚೆನ್ನಾಗಿ ಬೆರೆತ ಮೇಲೆ.

ಸೋದರಳಿಯ_ಟ್ಯೂನರ್

ಒಂದು ಸಂಶಯ ಅಣ್ಣ. ಅಷ್ಟು ದೂರ ಹಾಕಿದರೆ ರೀಡಿಂಗ್ ತಡ ಆಗಲ್ವಾ? ಟರ್ಬೊ ಮುಂಚೆ ಮ್ಯಾನಿಫೋಲ್ಡ್‌ನಲ್ಲೇ (ಸಿಲಿಂಡರ್‌ಗಳ ಹೊಗೆ ಟರ್ಬೊಗೆ ಒಯ್ಯುವ ಭಾಗ) ಹಾಕಿದರೆ ತಕ್ಷಣ ಗೊತ್ತಾಗುತ್ತಲ್ವಾ?

ಲ್ಯಾಂಬ್ಡಾ_ಒಂದು

ಲೆಕ್ಕ ಹಾಕಿ ನೋಡೋಣ ತಮ್ಮ. 1.8 ಲೀಟರ್ ಇಂಜಿನ್, 63 ಮಿ.ಮೀ. ಪೈಪ್. ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಹೊಗೆ ಸೆಕೆಂಡಿಗೆ ಮೂರು ಮೀಟರ್ ಸುಮಾರು ಹೋಗುತ್ತೆ, 80 ಸೆಂ.ಮೀ. ದಾಟೋಕೆ ಕಾಲು ಸೆಕೆಂಡ್. ಪೂರ್ತಿ ಬೂಸ್ಟ್‌ನಲ್ಲಿ 6000 ಆರ್‌ಪಿಎಂ ಹತ್ತಿರ ಅದೇ ಹೊಗೆ ಸೆಕೆಂಡಿಗೆ ನೂರು ಮೀಟರ್‌ಗಿಂತ ಜೋರಾಗಿ ಹೋಗುತ್ತೆ, ಆಗ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಇಂಜಿನ್ ಉಳಿಯೋದು ಸಾಯೋದು ಬೂಸ್ಟ್‌ನಲ್ಲಿ. ಅಲ್ಲಿ ತಡ ಅನ್ನೋದೇ ಇಲ್ಲ. ಐಡಲ್‌ನ ಕಾಲು ಸೆಕೆಂಡಿಂದ ಯಾರಿಗೂ ನಷ್ಟವಿಲ್ಲ.

ಮ್ಯಾನಿಫೋಲ್ಡ್‌ನಲ್ಲಿ ಹಾಕಿದರೆ ಕಾವಿಗಿಂತ ದೊಡ್ಡ ತೊಂದರೆ ಒತ್ತಡ. ಬೂಸ್ಟ್ 0.9 ಬಾರ್ ಇದ್ದಾಗ ಟರ್ಬೈನ್ ಮುಂದೆ ಒತ್ತಡ ಅದಕ್ಕಿಂತ ಜಾಸ್ತಿನೇ ಇರಬಹುದು, ಚಿಕ್ಕ ಟರ್ಬೈನ್ ಆದರೆ ಒಂದೂವರೆ ಎರಡು ಪಟ್ಟು. ವೈಡ್‌ಬ್ಯಾಂಡ್ ಅಳೆಯೋದು ಒಂದು ಸಣ್ಣ ಕಿಂಡಿಯಿಂದ ಒಳಬರುವ ಹೊಗೆಗೆ ಎಷ್ಟು ಪಂಪ್ ಕರೆಂಟ್ ಬೇಕು ಅನ್ನೋದನ್ನ. ಒತ್ತಡ ಏರಿದರೆ ಆ ಕರೆಂಟ್ ತಾನಾಗೇ ಏರುತ್ತೆ. ಪರಿಣಾಮ: ಲೀನ್ (ಪೆಟ್ರೋಲ್ ಕಡಿಮೆ) ಇದ್ದರೆ ಇನ್ನೂ ಲೀನ್ ತೋರಿಸುತ್ತೆ, ರಿಚ್ (ಪೆಟ್ರೋಲ್ ಹೆಚ್ಚು) ಇದ್ದರೆ ಇನ್ನೂ ರಿಚ್.

ಬೂಸ್ಟ್‌ನಲ್ಲಿ ನಾವು ಇರೋದು ರಿಚ್ ಕಡೆ. ಗಾಳಿ-ಪೆಟ್ರೋಲ್ ಅನುಪಾತ ನಿಜವಾಗಿ 12.0 ಇರುವಾಗ ಮೀಟರ್ 11.3 ಅನ್ನುತ್ತೆ ಅಂದುಕೊಳ್ಳಿ. ಟ್ಯೂನ್ ಮಾಡುವವನು ಏನು ಮಾಡ್ತಾನೆ? ಪೆಟ್ರೋಲ್ ಜಾಸ್ತಿ ಆಯ್ತು ಅಂತ ಕಡಿಮೆ ಮಾಡ್ತಾನೆ. ಸುಳ್ಳು ಹೇಳುವ ಸೆನ್ಸರ್ ಇಲ್ಲಿ ಅಪಾಯದ ದಿಕ್ಕಿಗೇ ಕೈ ಹಿಡಿದು ಕರ್ಕೊಂಡು ಹೋಗುತ್ತೆ. ಅದಕ್ಕೇ ಈ ವಿಷಯದಲ್ಲಿ ನಾನು ಜಗ್ಗಲ್ಲ. ಒತ್ತಡ ಸರಿದೂಗಿಸುವ ಕಂಟ್ರೋಲರ್ ಇಲ್ಲದೆ ವೈಡ್‌ಬ್ಯಾಂಡ್ ಟರ್ಬೊ ಮುಂದೆ ಹಾಕಬೇಡಿ.

ಟಿಗ್_ಕೈ

ಬಂಗ್ ಕೂರಿಸೋ ಕೆಲಸ ನಂದು, ಅದರ ಬಗ್ಗೆ ಹೇಳ್ತೀನಿ.

ಥ್ರೆಡ್ ಎಂ18, ಪಿಚ್ 1.5. ಸ್ಟೇನ್‌ಲೆಸ್ 304 ಬಂಗ್ ತಗೊಳ್ಳಿ. ಮೈಲ್ಡ್ ಸ್ಟೀಲ್ ಬಂಗ್ ಹಾಕಿದರೆ ಒಂದೆರಡು ವರ್ಷದಲ್ಲಿ ತುಕ್ಕು ಹಿಡಿದು ಸೆನ್ಸರ್ ಜೊತೆ ಒಂದಾಗಿಬಿಡುತ್ತೆ. ಪೈಪ್ ಮೈಲ್ಡ್ ಸ್ಟೀಲ್, ಬಂಗ್ ಸ್ಟೇನ್‌ಲೆಸ್ ಆದರೆ ಬೆಸುಗೆ ಕಡ್ಡಿ (ಫಿಲ್ಲರ್) 309ಎಲ್ ಹಾಕಿ, 308 ಬೇಡ.

ಪೈಪ್ ಕಾರಲ್ಲಿ ಇರುವಾಗಲೇ, ಟರ್ಬೊ ಕೂತಿರುವಾಗಲೇ, ಮಾರ್ಕರ್‌ನಲ್ಲಿ ಗುರುತು ಹಾಕಿ. ಬಂಗ್‌ಗೆ ಜಾಗ ಇದ್ದರಾಗಲಿಲ್ಲ. ಸೆನ್ಸರ್ ಉದ್ದ, ಅದರ ತಂತಿ ಬಾಗುವ ಜಾಗ, 22ರ ಸ್ಪ್ಯಾನರ್ ತಿರುಗುವ ಜಾಗ ಎಲ್ಲ ನೋಡಬೇಕು. ನಾನು ಹಳೇ ಸತ್ತ ಸೆನ್ಸರ್ ಒಂದನ್ನ ಇಟ್ಕೊಂಡಿದ್ದೀನಿ, ಅದನ್ನ ಪೈಪಿಗೆ ಅಂಟುಪಟ್ಟಿಯಲ್ಲಿ ಕಟ್ಟಿ, ಇಂಜಿನ್ ಕೈಯಲ್ಲಿ ಜಗ್ಗಿ ಅಲ್ಲಾಡಿಸಿ, ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೆ ತೂತು ಹೊಡೀತೀನಿ. ಇಂಜಿನ್ ಲೋಡ್‌ನಲ್ಲಿ ಒಂದು ಬದಿಗೆ ವಾಲುತ್ತೆ, ನಿಂತ ಗಾಡಿಯಲ್ಲಿ ಸಿಕ್ಕ ಒಂದು ಬೆರಳ ಸಂದು ಓಡುವ ಗಾಡಿಯಲ್ಲಿ ಇರಲ್ಲ.

ವೆಲ್ಡ್ ಮಾಡುವಾಗ ಬಂಗ್ ಒಳಗೆ ಅದೇ ಥ್ರೆಡ್‌ನ ಪ್ಲಗ್ ಹಾಕಿರಬೇಕು. ಇಲ್ಲದಿದ್ದರೆ ಕಾವಿಗೆ ಬಂಗ್ ಮೊಟ್ಟೆ ಆಕಾರಕ್ಕೆ ಎಳೆಯುತ್ತೆ, ಆಮೇಲೆ ಟ್ಯಾಪ್ ಬಿಟ್ಟು ಥ್ರೆಡ್ ಸರಿ ಮಾಡ್ತಾ ಕೂರಬೇಕು. ಒಂದು ಸುತ್ತು ಪೂರ್ತಿ ಎಳೆಯಬೇಡಿ. ಎದುರುಬದುರು ನಾಲ್ಕು ಟ್ಯಾಕ್, ಆಮೇಲೆ ಕಾಲು ಕಾಲು ಸುತ್ತು, ನಡುವೆ ಆರಲು ಬಿಡಿ. ಸ್ಟೇನ್‌ಲೆಸ್ ಪೈಪ್ ಆದರೆ ಒಳಗೆ ಆರ್ಗಾನ್ ತುಂಬಿಸಿ. ಇಲ್ಲದಿದ್ದರೆ ಒಳಮೈಯಲ್ಲಿ ಕರಿ ಹೂಕೋಸಿನ ತರಹ ಉಬ್ಬುತ್ತೆ, ಅದು ಉದುರಿ ಮುಂದಕ್ಕೆ ಹೋಗುತ್ತೆ.

ಸೆನ್ಸರ್ ಹಾಕಿಕೊಂಡೇ ವೆಲ್ಡ್ ಮಾಡೋದು ನೋಡಿದ್ದೀನಿ. ದಯವಿಟ್ಟು ಬೇಡ. ಬ್ಯಾಟರಿ ತಂತಿನೂ ಬಿಚ್ಚಿ, ಪೈಪನ್ನ ಕಾರಿನಿಂದ ಹೊರಗೆ ತಂದೇ ಬೆಸುಗೆ ಹಾಕಿ.

ಉದ್ದ ಕತ್ತಿನ ಬಂಗ್ ಹಾಕಿ ಸೆನ್ಸರನ್ನ ಹಿಂದಕ್ಕೆ ಎಳೆದರೆ ತಂಪಾಗಿರುತ್ತೆ ಅಂತ ಹೇಳುವವರಿದ್ದಾರೆ. ತಂಪೇನೋ ಆಗುತ್ತೆ, ಆದರೆ ತುದಿಯ ಟೋಪಿ ಹೊಗೆಯ ಓಟದೊಳಗೆ ಇರದೆ ಬಾವಿಯಲ್ಲಿ ಕೂತ ಹಾಗೆ ಆಗುತ್ತೆ. ಅಲ್ಲಿ ನಿಂತ ಹೊಗೆಯನ್ನೇ ಅದು ಅಳೀತಾ ಇರುತ್ತೆ. ಜಾಗ ಸರಿ ಇಟ್ಟರೆ ಈ ಉಪಾಯವೇ ಬೇಕಾಗಲ್ಲ.

ಬಿಗಿ: 40ರಿಂದ 60 ನ್ಯೂಟನ್ ಮೀಟರ್. ಹೊಸ ಸೆನ್ಸರ್ ಥ್ರೆಡ್ ಮೇಲೆ ಗ್ರೀಸ್ ಬಂದೇ ಇರುತ್ತೆ. ಮತ್ತೆ ಹಾಕುವಾಗ ಆಂಟಿಸೀಜ್ (ಕಚ್ಚಿಕೊಳ್ಳದ ಹಾಗೆ ಸವರುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ಒಂದು ಚುಕ್ಕೆಯೂ ತಾಗಬಾರದು. ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಸುತ್ತಮುತ್ತ ಎಲ್ಲೂ ಬೇಡ. ಅದರ ಆವಿ ಸೆನ್ಸರ್‌ಗೆ ವಿಷ.

ಡೀಸೆಲ್_ಹೊಗೆ

ಇಜಿಟಿ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಟರ್ಬೊ ಮುಂಚೆಯೇ. ಇದರಲ್ಲಿ ಎರಡು ಮಾತಿಲ್ಲ. ನಾವು ಕಾಪಾಡಬೇಕಾದ್ದು ಪಿಸ್ಟನ್, ವಾಲ್ವ್, ಟರ್ಬೈನ್ ಚಕ್ರ. ಇವು ಕಾಣುವ ಕಾವು ಟರ್ಬೊ ಮುಂದಿನದು.

ನಂತರ ಹಾಕಿ 100 ಡಿಗ್ರಿ ಕೂಡಿಸಿಕೊಂಡರೆ ಆಯ್ತು ಅನ್ನುವವರಿಗೆ ಒಂದು ಲೆಕ್ಕ. ಟರ್ಬೈನ್ ಮುಂದೆ 900 ಡಿಗ್ರಿ, ಒತ್ತಡದ ಅನುಪಾತ 2, ಟರ್ಬೈನ್ ದಕ್ಷತೆ 65 ಶೇಕಡಾ ಅಂದರೆ ಹೊಗೆ ಕಳಕೊಳ್ಳೋದು ಸುಮಾರು 120 ಡಿಗ್ರಿ. ಅದೇ ಗಾಡಿ ಹೆದ್ದಾರಿಯಲ್ಲಿ ಆರಾಮಾಗಿ ಹೋಗುವಾಗ ಮುಂದೆ 600 ಡಿಗ್ರಿ, ಅನುಪಾತ 1.1 ಆದರೆ ಬರೀ 13 ಡಿಗ್ರಿ. ಇದರ ಮೇಲೆ ಹೌಸಿಂಗ್‌ನಿಂದ ಹೊರಗೆ ಹೋಗುವ ಕಾವು ಬೇರೆ. ಹಾಗಾಗಿ ಕೂಡಿಸಬೇಕಾದ ಅಂಕಿ ಪ್ರತಿ ಲೋಡ್‌ಗೂ ಬೇರೆ. ವೇಸ್ಟ್‌ಗೇಟ್ ತೆರೆದರೆ ಟರ್ಬೈನ್ ದಾಟದ ಬಿಸಿ ಹೊಗೆ ಬಂದು ಬೆರೆತು ಲೆಕ್ಕ ಮತ್ತೆ ಕೆಡುತ್ತೆ.

ಮ್ಯಾನಿಫೋಲ್ಡ್‌ನಲ್ಲಿ ಎಲ್ಲ ಸಿಲಿಂಡರ್ ಹೊಗೆ ಸೇರುವ ಜಾಗದಲ್ಲಿ ಒಂದು ಪ್ರೋಬ್, ತುದಿ ಪೈಪಿನ ನಡುಮಧ್ಯಕ್ಕೆ ಬರೋ ಹಾಗೆ. ಗೋಡೆಗೆ ಹತ್ತಿರ ಇದ್ದರೆ ಗೋಡೆಯ ಕಾವನ್ನೇ ತೋರಿಸುತ್ತೆ.

ಹಳೇಪಾನಾ

ಡೀಸೆಲ್ ಅಣ್ಣ ಹೇಳಿದ್ದು ಒಪ್ಪುತ್ತೇನೆ, ಆದರೆ ಎರಡು ಮಾತಿದೆ.

ಪ್ರೋಬ್ ಮುರಿದರೆ ಅದು ನೇರ ಟರ್ಬೈನ್ ಚಕ್ರಕ್ಕೆ. ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತಿರುತ್ತೆ. ಒಂದು ಸಣ್ಣ ತುಂಡು ಲೋಹ ಸಾಕು, ರೆಕ್ಕೆಗಳ ಅಂಚು ಕಿತ್ತುಹೋಗುತ್ತೆ. ನಾನು ಹೀಗೆ ಒಂದು ಟರ್ಬೊ ಕಳಕೊಂಡೆ. ಯಾವುದೋ ಅಗ್ಗದ ಪ್ರೋಬ್, ತುದಿಯ ಹೊದಿಕೆ ಸಾಧಾರಣ ಸ್ಟೇನ್‌ಲೆಸ್. ಕೆಂಪಾಗಿ ಕಾದು, ಆರಿ, ಕಾದು, ಆರಿ, ಒಂದು ದಿನ ಕತ್ತಿನಲ್ಲಿ ಕಡಿದುಹೋಯ್ತು. ಬಿಚ್ಚಿ ನೋಡಿದಾಗ ರೆಕ್ಕೆಗಳ ತುದಿ ಕಚ್ಚಿದ ಬಿಸ್ಕತ್ತಿನ ಹಾಗಿತ್ತು. ಅವತ್ತು ಗ್ಯಾರೇಜ್ ನೆಲದ ಮೇಲೆ ಆ ಚಕ್ರ ಕೈಯಲ್ಲಿ ಹಿಡ್ಕೊಂಡು ಕೂತಿದ್ದು ಇವತ್ತಿಗೂ ಮರೆತಿಲ್ಲ. ಹಾಗಾಗಿ ಹೊದಿಕೆ ಇಂಕೊನೆಲ್‌ದೇ ಇರಲಿ, ತುದಿ ಮುಚ್ಚಿದ್ದೇ ಇರಲಿ, ವರ್ಷಕ್ಕೊಮ್ಮೆ ಬಿಚ್ಚಿ ಕತ್ತಿನ ಹತ್ತಿರ ಕೂದಲೆಳೆಯ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. 3 ಮಿ.ಮೀ. ದಪ್ಪದ್ದು ಬೇಗ ಸ್ಪಂದಿಸುತ್ತೆ, 6 ಮಿ.ಮೀ.ದು ನಿಧಾನ ಆದರೆ ಗಟ್ಟಿ. ರಸ್ತೆ ಗಾಡಿಗೆ ನಾನು ದಪ್ಪದ್ದನ್ನೇ ಹಾಕ್ತೀನಿ.

ಎರಡನೇ ಮಾತು. ಇಜಿಟಿ ಏರಿತು ಅಂದ ಕೂಡಲೇ ಲೀನ್ ಅಂತ ಓಡಬೇಡಿ. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹಾಕಿದರೂ ಇಜಿಟಿ ಏರುತ್ತೆ, ಉರಿ ತಡವಾಗಿ ಮುಗಿದು ಕಾವು ಸಿಲಿಂಡರ್‌ನಲ್ಲಿ ಕೆಲಸವಾಗುವ ಬದಲು ಮ್ಯಾನಿಫೋಲ್ಡ್‌ಗೆ ಹೋಗುತ್ತೆ. ಇಂಜಿನ್ ನಾಕ್ ಹೊಡೆಯುವಾಗ (ಪೆಟ್ರೋಲ್ ಸಮವಾಗಿ ಉರಿಯದೆ ಸಿಡಿಯುವಾಗ) ಇಜಿಟಿ ಇಳಿಯಲೂಬಹುದು, ಆ ಕಾವು ಪಿಸ್ಟನ್ ತಲೆಗೆ ಹೋಗಿರುತ್ತೆ. ಇಳಿದ ಅಂಕಿ ನೋಡಿ ಖುಷಿಪಟ್ಟು ಪಿಸ್ಟನ್ ಸುಟ್ಟುಕೊಂಡವರಿದ್ದಾರೆ. ಇಜಿಟಿ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅಳತೆ, 1ಕ್ಕಿಂತ ಕಡಿಮೆ ಅಂದರೆ ರಿಚ್), ನಾಕ್ ಮೂರನ್ನೂ ಒಟ್ಟಿಗೆ ಓದಿ.

ಡೀಸೆಲ್_ಹೊಗೆ

ಎರಡೂ ಒಪ್ಪಿದೆ. ನಾಕ್ ವಿಷಯ ನಾನು ಬರೆಯದೆ ಬಿಟ್ಟಿದ್ದು ತಪ್ಪು. ಡೀಸೆಲ್‌ನಲ್ಲಿ ಇಂಧನ ಜಾಸ್ತಿ ಆದಷ್ಟೂ ಇಜಿಟಿ ಏರೋದು, ನನ್ನ ತಲೆ ಅದೇ ಲೆಕ್ಕದಲ್ಲಿ ಓಡುತ್ತೆ. ಪೆಟ್ರೋಲ್‌ನಲ್ಲಿ ರಿಚ್ ಮಾಡಿದರೆ ಇಳಿಯುತ್ತೆ. ಇಬ್ಬರೂ ಒಬ್ಬರ ಸೂತ್ರ ಇನ್ನೊಬ್ಬರ ಗಾಡಿಗೆ ಹಾಕಬಾರದು.

ನಾಲ್ಕು_ಸಿಲಿಂಡರ್

ನನ್ನ ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು. ತೂತು ಹೊಡೆಯೋಕೆ ಭಯ ಆಗುತ್ತೆ. ಟರ್ಬೊ ಬಿಚ್ಚದೆ ಮಾಡಬಹುದಾ?

ಟಿಗ್_ಕೈ

ಬಿಚ್ಚಿ. ಗ್ರೀಸ್ ಸವರಿ, ಇಂಜಿನ್ ಓಡುತ್ತಿರುವಾಗಲೇ ಹೊಡೆದರೆ ಪುಡಿ ಹೊರಗೆ ಉಗುಳುತ್ತೆ ಅಂತೆಲ್ಲ ಹೇಳ್ತಾರೆ. ಕಬ್ಬಿಣದ ಪುಡಿಯ ಒಂದು ಚೂರು ಒಳಗುಳಿದರೂ ಹಳೇಪಾನಾ ಅವರ ಕಥೆಯೇ ನಿಮ್ಮದೂ ಆಗುತ್ತೆ. ಮ್ಯಾನಿಫೋಲ್ಡ್ ಮೇಜಿನ ಮೇಲೆ ತನ್ನಿ.

ಎರಕದ ಕಬ್ಬಿಣಕ್ಕೆ ಬಂಗ್ ವೆಲ್ಡ್ ಮಾಡೋ ಗೋಜಿಗೆ ಹೋಗಬೇಡಿ, ಪಕ್ಕದಲ್ಲೇ ಬಿರುಕು ಬರುತ್ತೆ. ಗೋಡೆ ದಪ್ಪ ಇರುವ, ಉಬ್ಬಿದ ಜಾಗ ಹುಡುಕಿ ನೇರ ಥ್ರೆಡ್ ಮಾಡಿ. 1/8 ಎನ್‌ಪಿಟಿ (ಪೈಪ್ ಥ್ರೆಡ್‌ನ ಒಂದು ಅಳತೆ) ಫಿಟ್ಟಿಂಗ್‌ಗೆ 8.5 ಮಿ.ಮೀ. ಆಸುಪಾಸಿನ ಬಿಟ್. ಮೊದಲು 3, ಆಮೇಲೆ 6, ಆಮೇಲೆ 8.5, ಒಂದೇ ಸಲಕ್ಕೆ ದೊಡ್ಡದು ಬೇಡ. ಎನ್‌ಪಿಟಿ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ತುದಿಗೆ ಹೋದಂತೆ ಸಣ್ಣದಾಗುತ್ತೆ, ಪೂರ್ತಿ ಇಳಿಸಿಬಿಟ್ಟರೆ ತೂತು ಸಡಿಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿಸಿ, ತೆಗೆದು, ಫಿಟ್ಟಿಂಗ್ ಕೈಯಲ್ಲಿ ತಿರುಗಿಸಿ ನೋಡಿ. ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗಿ ನಿಂತರೆ ಸಾಕು, ಉಳಿದದ್ದು ಸ್ಪ್ಯಾನರ್‌ಗೆ.

ಫಿಟ್ಟಿಂಗ್ ಸ್ಟೇನ್‌ಲೆಸ್ ಇರಲಿ. ಹಿತ್ತಾಳೆಯದ್ದು ಅಲ್ಲಿಯ ಕಾವಿಗೆ ಮೆತ್ತಗಾಗಿ ಬಿಡುತ್ತೆ. ಟೆಫ್ಲಾನ್ ಟೇಪ್ ಸುತ್ತಬೇಡಿ, 327 ಡಿಗ್ರಿಗೆ ಅದು ಕರಗುತ್ತೆ, ನಿಮ್ಮ ಮ್ಯಾನಿಫೋಲ್ಡ್ ಅದರ ಎರಡು ಪಟ್ಟು ದಾಟುತ್ತೆ. ನಿಕ್ಕಲ್ ಆಂಟಿಸೀಜ್ ಸವರಿ. ಪ್ರೋಬ್ ಹಿಡಿಯುವ ಉಂಗುರ (ಫೆರುಲ್) ಒಂದು ಸಲ ಕಚ್ಚಿದರೆ ಅಲ್ಲೇ ಇರುತ್ತೆ, ಬಿಗಿಮಾಡುವ ಮೊದಲೇ ಆಳ ಅಳೆದು ಪ್ರೋಬ್ ಮೇಲೆ ಗುರುತು ಹಾಕ್ಕೊಳ್ಳಿ.

ಹೇಗೂ ಬಿಚ್ಚಿರ್ತೀರಿ, ಮ್ಯಾನಿಫೋಲ್ಡ್ ಮುಖ ನೇರ ಇದೆಯಾ ಅಂತ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ನೋಡಿ. ಗ್ಯಾಸ್ಕೆಟ್ ಹೊಸದು, ನಟ್‌ಗಳು ಕಚ್ಚಿ ಹಿಡಿಯುವ ತಾಮ್ರ ಲೇಪದವು. ಡೌನ್‌ಪೈಪಿನ ತೂಕ ಟರ್ಬೊ ಮೇಲೆ ನೇತಾಡದ ಹಾಗೆ ಒಂದು ಬ್ರಾಕೆಟ್.

ಲ್ಯಾಂಬ್ಡಾ_ಒಂದು

ತಂತಿ ವಿಷಯ ಯಾರೂ ಹೇಳಿಲ್ಲ. ಇಜಿಟಿ ಪ್ರೋಬ್ ಕೆ ಟೈಪ್ ಥರ್ಮೊಕಪಲ್ (ಕಾವಿಗೆ ತಕ್ಕ ವೋಲ್ಟೇಜ್ ಕೊಡುವ ಎರಡು ಲೋಹದ ತಂತಿಗಳ ಜೋಡಿ), ಒಂದು ಡಿಗ್ರಿಗೆ ಬರೀ 41 ಮೈಕ್ರೊವೋಲ್ಟ್. ತಂತಿ ಗಿಡ್ಡ ಆಯ್ತು ಅಂತ ಮಾಮೂಲಿ ತಾಮ್ರದ ತಂತಿ ಸೇರಿಸಿದರೆ, ಆ ಸೇರಿಕೆ ಇರುವ ಜಾಗದ ಕಾವಿಗೂ ಮೀಟರ್ ಇರುವ ಜಾಗದ ಕಾವಿಗೂ ಎಷ್ಟು ವ್ಯತ್ಯಾಸವೋ ಅಷ್ಟೂ ತಪ್ಪು. ಬಾನೆಟ್ ಒಳಗೆ 80, ಡ್ಯಾಶ್‌ಬೋರ್ಡ್ ಹತ್ತಿರ 30 ಅಂದರೆ ಮೀಟರ್ 50 ಡಿಗ್ರಿ ಕಡಿಮೆ ತೋರಿಸುತ್ತೆ. ಕೆ ಟೈಪ್ ತಂತಿಯನ್ನೇ ಬಳಸಿ. ಅಮೆರಿಕದ ಬಣ್ಣಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್! ಕಾರಿನ ವೈರಿಂಗ್ ಅಭ್ಯಾಸದ ಮೇಲೆ ಕೆಂಪನ್ನ ಪ್ಲಸ್ ಮಾಡಿ ತಲೆ ಕೆಡಿಸಿಕೊಂಡವರು ಬಹಳ. ಐಇಸಿ (ಅಂತರರಾಷ್ಟ್ರೀಯ) ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್.

ವೈಡ್‌ಬ್ಯಾಂಡ್ ತಂತಿಯ ಕನೆಕ್ಟರ್ ಕತ್ತರಿಸಬೇಡಿ. ಆ ಸೆನ್ಸರ್‌ಗೆಂದೇ ಹೊಂದಿಸಿದ ಒಂದು ರೆಸಿಸ್ಟರ್ ಕನೆಕ್ಟರ್ ಒಳಗಿರುತ್ತೆ. ಅದು ಹೋದರೆ ಅಳತೆಯೂ ಹೋಯ್ತು.

ಹೊಸ_ಕೀಲಿಕೈ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಕಾರಿನ ಜೊತೆಗೇ ಬಂದಿದ್ದ ಸೆನ್ಸರ್ ತೆಗೆದು ಆ ತೂತಿಗೇ ವೈಡ್‌ಬ್ಯಾಂಡ್ ಹಾಕಿದರೆ ವೆಲ್ಡಿಂಗ್ ಖರ್ಚು ಉಳಿಯುತ್ತಲ್ವಾ?

ಹಳೇಪಾನಾ

ಕನ್ವರ್ಟರ್‌ಗಿಂತ ಮುಂಚಿನ ಸೆನ್ಸರ್ ತೆಗೆದರೆ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಕಣ್ಣು ಹೋದ ಹಾಗೆ. ಕೆಲವು ವೈಡ್‌ಬ್ಯಾಂಡ್ ಕಂಟ್ರೋಲರ್‌ಗಳು ಕಾರಿನ ಮಾಮೂಲಿ ಸೆನ್ಸರ್ (ನ್ಯಾರೋಬ್ಯಾಂಡ್) ತರಹದ ಸಿಗ್ನಲ್ ಕೊಡುತ್ತವೆ, ಆಗ ಆಗುತ್ತೆ, ಆದರೆ ಆ ತೂತು ಟರ್ಬೊಗೆ ಹತ್ತಿರ ಇದ್ದರೆ ಮೇಲೆ ಹೇಳಿದ ಕಾವಿನ ಕಥೆ ಮತ್ತೆ ಶುರು. ಕನ್ವರ್ಟರ್ ನಂತರದ ತೂತು ಬೇಡವೇ ಬೇಡ, ಅಲ್ಲಿ ಉಳಿದ ಆಮ್ಲಜನಕ ಉರಿದು ಹೋಗಿರುತ್ತೆ, ನಿಜ ಗೊತ್ತಾಗಲ್ಲ. ಬಂಗ್ ಬೇರೆಯೇ ಹಾಕಿಸಿ ತಮ್ಮ.

ಸೋದರಳಿಯ_ಟ್ಯೂನರ್

ಮ್ಯಾನಿಫೋಲ್ಡ್ ಮೇಜಿನ ಮೇಲೆ ಇರುವಾಗ ಒತ್ತಡಕ್ಕೂ ಒಂದು ತೂತು ಮಾಡಿಸಿಕೊಳ್ಳಿ ಅಣ್ಣ. ಟರ್ಬೈನ್ ಮುಂದಿನ ಒತ್ತಡ ಎಷ್ಟಿದೆ ಅಂತ ಗೊತ್ತಾದರೆ ಟರ್ಬೊ ಚಿಕ್ಕದಾಯ್ತಾ ಅಂತ ತಿಳಿಯುತ್ತೆ. ನಾನು ಮಾಡಿದ್ದೆ, ಆದರೆ ಸೆನ್ಸರ್ ನೇರ ಹಾಕಿ ಒಂದೇ ದಿನಕ್ಕೆ ಕರಗಿಸಿದೆ. ಈಗ ಸ್ಟೇನ್‌ಲೆಸ್ ಸಣ್ಣ ಕೊಳವೆ, ಸುಮಾರು ಒಂದು ಮೀಟರ್, ಸುರುಳಿ ಸುತ್ತಿ ಮೇಲಕ್ಕೆ ಒಯ್ದು ಅಲ್ಲಿ ಸೆನ್ಸರ್ ಇಟ್ಟಿದ್ದೀನಿ. ಸೆನ್ಸರ್ ತೂತಿಗಿಂತ ಎತ್ತರದಲ್ಲೇ ಇರಬೇಕು, ಒಳಗೆ ನೀರು ಕಟ್ಟಿದರೂ ವಾಪಸ್ ಇಳಿಯುತ್ತೆ. ತಾಮ್ರದ ಕೊಳವೆ ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಟ್ಟಿತ್ತು.

ನಾಲ್ಕು_ಸಿಲಿಂಡರ್

ಮೂರು ವಾರ ಆದ ಮೇಲೆ ಬರೀತಿದ್ದೇನೆ. ಎಲ್ಲ ಮುಗೀತು.

ಹಳೇ ಬಂಗ್‌ಗೆ ಪ್ಲಗ್ ಹಾಕಿದೆ. ಹೊಸದು ಟರ್ಬೈನ್ ಬಾಯಿಯಿಂದ 75 ಸೆಂ.ಮೀ., 2 ಗಂಟೆಯ ಜಾಗ. ಸತ್ತ ಸೆನ್ಸರ್ ಕಟ್ಟಿ ಅಳತೆ ನೋಡೋ ಉಪಾಯ ಉಳಿಸಿತು. ಮೊದಲು ಗುರುತು ಹಾಕಿದ್ದ ಜಾಗದಲ್ಲಿ ಇಂಜಿನ್ ವಾಲಿದಾಗ ತಂತಿ ಗೇರ್‌ಬಾಕ್ಸ್ ಬ್ರಾಕೆಟ್‌ಗೆ ತಾಗ್ತಿತ್ತು, ನಾಲ್ಕು ಸೆಂ.ಮೀ. ಜರುಗಿಸಿದೆ. ಹೀಟರ್ ಕರೆಂಟ್ ಈಗ ಇಂಜಿನ್ ಓಡಿದ ಮೇಲೇ ಬರೋದು.

ಆದರೂ ಐಡಲ್‌ನಲ್ಲಿ ಮೀಟರ್ 16 ತೋರಿಸ್ತಿತ್ತು. ಬೂಸ್ಟ್‌ನಲ್ಲಿ ಸರಿ, ಐಡಲ್‌ನಲ್ಲಿ ಲೀನ್. ಹೊಸ ಸೆನ್ಸರೂ ಕೆಟ್ಟಿತಾ ಅಂತ ಎದೆ ಧಸಕ್ ಅಂತು.

ಹಳೇಪಾನಾ

ಐಡಲ್‌ನಲ್ಲಿ ಮಾತ್ರ ಲೀನ್ ಅಂದರೆ ಮೊದಲು ಸೋರಿಕೆ ಹುಡುಕಬೇಕು. ಹೊಗೆ ಒಂದೇ ಸಮ ಹರಿಯಲ್ಲ, ಬಡಿತ ಬಡಿತವಾಗಿ ಬರುತ್ತೆ. ಎರಡು ಬಡಿತದ ನಡುವೆ ಪೈಪ್ ಒಳಗೆ ಒತ್ತಡ ಇಳಿದಾಗ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತೆ. ಬೂಸ್ಟ್‌ನಲ್ಲಿ ಒಳಗೆ ಹೋಗೋಕೆ ಅವಕಾಶವೇ ಇರಲ್ಲ.

ನಾಲ್ಕು_ಸಿಲಿಂಡರ್

ಅದೇ ಆಗಿತ್ತು ಸರ್. ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಲಕ್ಕೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಕೊಳವೆ ಬಟ್ಟೆ ಸುತ್ತಿ ಸಿಕ್ಕಿಸಿದೆ, ಸೇರಿಕೆಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದೆ. ಟರ್ಬೈನ್ ಬಾಯಿಯ ವಿ ಬ್ಯಾಂಡ್ ಕ್ಲಾಂಪ್ ಕೆಳಗಡೆ, ಕಣ್ಣಿಗೆ ಕಾಣದ ಬದಿಯಲ್ಲಿ, ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದು ಬಂತು. ಕನ್ನಡಿ ಹಿಡಿದು ನೋಡಿದರೆ ಎರಡು ಫ್ಲಾಂಜ್ ಒಂದರ ಮೇಲೊಂದು ನೇರ ಕೂತಿರಲಿಲ್ಲ, ಕ್ಲಾಂಪ್ ಓರೆಯಾಗಿ ಹಿಡಿದಿತ್ತು. ಸಡಿಲಿಸಿ, ಪೈಪನ್ನ ಮಂಡಿಯಿಂದ ಎತ್ತಿ ಹಿಡಿದು, ಕ್ಲಾಂಪ್ ಸುತ್ತ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಬಿಗಿ ಮಾಡಿದೆ. ಐಡಲ್ 14.7ಕ್ಕೆ ಬಂದು ನಿಂತಿತು.

ಅಲ್ಲಿಗೇ ಮುಗಿಯಲಿಲ್ಲ. ಕಾರಿನ ಸ್ವಂತ ಸೆನ್ಸರ್ ಕೂಡ ಆ ಕ್ಲಾಂಪ್ ನಂತರವೇ ಇದೆ. ಇಷ್ಟು ದಿನ ಅದೂ ಸೋರಿದ ಗಾಳಿಯನ್ನ ನೋಡಿ ಲೀನ್ ಅಂದುಕೊಂಡು ಪೆಟ್ರೋಲ್ ಜಾಸ್ತಿ ಹಾಕಿಸುತ್ತಿತ್ತು. ಐಡಲ್‌ನಲ್ಲಿ ಫ್ಯುಯೆಲ್ ಟ್ರಿಮ್ (ಇಸಿಯು ತಾನೇ ಮಾಡುವ ಪೆಟ್ರೋಲ್ ತಿದ್ದುಪಡಿ) 12 ಶೇಕಡಾ ಕೂಡಿಸ್ತಿತ್ತು, ಈಗ 2.

ಇಜಿಟಿ ಮ್ಯಾನಿಫೋಲ್ಡ್ ಸೇರಿಕೆಯಲ್ಲಿ ಹಾಕಿದೆ, 6 ಮಿ.ಮೀ. ಇಂಕೊನೆಲ್. ಮೂರನೇ ಗೇರ್, 0.9 ಬಾರ್, 5500 ಆರ್‌ಪಿಎಂ: 890 ಡಿಗ್ರಿ, ಲ್ಯಾಂಬ್ಡಾ 0.80. ಟರ್ಬೈನ್ ಮುಂದಿನ ಒತ್ತಡ 1.4 ಬಾರ್.

ಲ್ಯಾಂಬ್ಡಾ_ಒಂದು

890 ರಸ್ತೆ ಗಾಡಿಗೆ ಒಳ್ಳೆ ಅಂಕಿ. ಉದ್ದ ಏರು ಹತ್ತಿಸುವಾಗ ಎಲ್ಲಿ ನಿಲ್ಲುತ್ತೆ ನೋಡಿ, ಒಂದು ಓಟದ ಅಂಕಿಗಿಂತ ಅದು ಮುಖ್ಯ. 950 ಹತ್ತಿರ ಹೋದರೆ ಟೈಮಿಂಗ್ ಮ್ಯಾಪ್ ಹಾಕಿ, ಒಟ್ಟಿಗೆ ನೋಡೋಣ.

ನಾಲ್ಕು_ಸಿಲಿಂಡರ್

ಭಾನುವಾರ ಘಾಟಿ ಹತ್ತಿಸಿ ಲಾಗ್ ಹಾಕ್ತೀನಿ. ಇವತ್ತು ಬೆಳಿಗ್ಗೆ ಸೆನ್ಸರ್ ಬಿಚ್ಚಿ ಅಂಗೈ ಮೇಲೆ ಬಗ್ಗಿಸಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ. ತುದಿ ತಿಳಿ ಕಂದು ಬಣ್ಣ.